ದೀಪ ಆರಿದರೆ ದೋಷ ಹೋಯಿತೇ? ಹಳೆಯ ಸ್ಪೋರ್ಟ್ಸ್ ಕಾರಿನ ಎಲೆಕ್ಟ್ರಾನಿಕ್ ಶಾಕ್‌ಗಳು



ಬೈಕಿನ ಹಿಂದಿನ ಚಕ್ರದ ಪಕ್ಕದಲ್ಲಿ ಸ್ಪ್ರಿಂಗ್ ಸುತ್ತಿದ ಒಂದು ಕೊಳವೆ ಇರುತ್ತದಲ್ಲ, ಅದಕ್ಕೆ ನಾವೆಲ್ಲ ಶಾಕ್ ಅಬ್ಸಾರ್ಬರ್ ಅಂತೇವೆ. ಹಂಪ್ ಬಂದಾಗ ಏಟು ಬೆನ್ನಿಗೆ ತಾಗದ ಹಾಗೆ ನೋಡಿಕೊಳ್ಳೋದು ಅದೇ ಎಂದು ತಿಳಿದಿರುತ್ತೇವೆ. ನಿಜ ಹೇಳಬೇಕೆಂದರೆ ಆ ಜಾಗದಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಒಬ್ಬ ಹೊರಗೆ ಕಾಣುವ ಸ್ಪ್ರಿಂಗ್. ಇನ್ನೊಬ್ಬ ಒಳಗಿನ ಎಣ್ಣೆ ತುಂಬಿದ ಕೊಳವೆ. ಇಬ್ಬರ ಕೆಲಸವೂ ಬೇರೆ ಬೇರೆ.

ಈ ಎಣ್ಣೆಯ ಕೊಳವೆಗೆ ವಿದ್ಯುತ್ ಜೋಡಿಸಿದರೆ ಏನಾಗುತ್ತದೆ? ಅದು ಕೆಟ್ಟರೆ ಹೇಗೆ ಗೊತ್ತಾಗುತ್ತದೆ, ಬದಲಿಸುವುದು ಹೇಗೆ? ಇದನ್ನು ತಿಳಿಯಲು ಅಮೆರಿಕದ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ರಸ್ತೆಗಳಲ್ಲಿ ಓಡಾಡುವ ಕಾರಲ್ಲ. ಆದರೂ ಅದನ್ನೇ ಆರಿಸಲು ಕಾರಣವಿದೆ: 1989ರಿಂದ 2004ರೊಳಗೆ ಆ ಒಂದೇ ಕಾರಿನಲ್ಲಿ ಒಂದೇ ಸಮಸ್ಯೆಗೆ ಮೂರು ಬೇರೆ ಬೇರೆ ಉತ್ತರಗಳು ಬಂದವು. ಮೂರರಲ್ಲೂ ಇರುವುದು ನೀವು ತರಗತಿಯಲ್ಲಿ ಕಲಿಯುವ ಭೌತಶಾಸ್ತ್ರವೇ.

ಸ್ಪ್ರಿಂಗ್ ಹೊರುತ್ತದೆ, ಶಾಕ್ ತಣಿಸುತ್ತದೆ

ಒಂದು ಸ್ಪ್ರಿಂಗಿಗೆ ಕಲ್ಲು ಕಟ್ಟಿ, ಕೆಳಗೆ ಎಳೆದು ಬಿಡಿ. ಅದು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಎಳೆದಾಗ ನೀವು ಕೊಟ್ಟ ಶಕ್ತಿ ಸ್ಪ್ರಿಂಗಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಕೂರುತ್ತದೆ, ಆಮೇಲೆ ಚಲನ ಶಕ್ತಿಯಾಗುತ್ತದೆ, ಮತ್ತೆ ಪ್ರಚ್ಛನ್ನ ಶಕ್ತಿಯಾಗುತ್ತದೆ. ಸ್ಪ್ರಿಂಗ್ ಶಕ್ತಿಯನ್ನು ಹಿಡಿದು ವಾಪಸ್ ಕೊಡುತ್ತದೆಯೇ ಹೊರತು ಅದನ್ನು ಕರಗಿಸುವುದಿಲ್ಲ. ಕಾರಿಗೆ ಬರೀ ಸ್ಪ್ರಿಂಗ್ ಇದ್ದರೆ ಒಂದು ಗುಂಡಿ ದಾಟಿದ ಮೇಲೂ ಅದು ಬಹಳ ಹೊತ್ತು ಕುಣಿಯುತ್ತಲೇ ಹೋಗುತ್ತದೆ.

ಆ ಕುಣಿತವನ್ನು ನಿಲ್ಲಿಸುವುದು ಶಾಕ್. ಒಳಗೆ ಒಂದು ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳು, ಸುತ್ತಲೂ ಎಣ್ಣೆ. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ರಂಧ್ರಗಳಲ್ಲಿ ನುಸುಳಲೇಬೇಕು. ಎಣ್ಣೆಯ ಸ್ನಿಗ್ಧತೆಯಿಂದ ಅಡ್ಡಿ ಹುಟ್ಟುತ್ತದೆ, ಚಲನೆ ಉಷ್ಣವಾಗುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಇದಕ್ಕೆ ಅವಮಂದನ ಎಂದು ಹೆಸರು.

ಎಷ್ಟು ಉಷ್ಣ? ಒಂದು ಅಂದಾಜು ಲೆಕ್ಕ ಹಾಕೋಣ. 1997ರ ಕಾರ್ವೆಟ್‌ನ ತೂಕ ಸುಮಾರು 1,460 ಕಿ.ಗ್ರಾಂ. ನಾಲ್ಕು ಮೂಲೆಗಳಿಗೆ ಹಂಚಿದರೆ ಒಂದು ಮೂಲೆಗೆ 365 ಕಿ.ಗ್ರಾಂ. ಆ ಮೂಲೆ 5 ಸೆಂ.ಮೀ. ಮೇಲೆ ಎದ್ದು ಇಳಿಯಿತು ಎನ್ನಿ.

ಶಕ್ತಿ = 365 × 9.8 × 0.05 = ಸುಮಾರು 179 ಜೂಲ್.

ಶಾಕ್‌ನಲ್ಲಿ 300 ಗ್ರಾಂ ಎಣ್ಣೆ ಇದೆ, ಎಣ್ಣೆಯ ವಿಶಿಷ್ಟೋಷ್ಣ ಕಿಲೋಗೆ ಡಿಗ್ರಿಗೆ 2,000 ಜೂಲ್ ಎಂದು ಇಟ್ಟುಕೊಂಡರೆ, ಈ ಶಕ್ತಿಯೆಲ್ಲ ಎಣ್ಣೆಗೆ ಸೇರಿದಾಗ ಅದು ಸುಮಾರು 0.3 ಡಿಗ್ರಿ ಬಿಸಿಯಾಗುತ್ತದೆ. ಒಂದು ಗುಂಡಿಗೆ ಇದು ಏನೂ ಅಲ್ಲ. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ನೂರಾರು ಸಲ ಹೀಗಾದರೆ ಶಾಕ್ ಕೈ ಇಡಲಾಗದಷ್ಟು ಬಿಸಿಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಮೆತ್ತಗಿರಲೋ, ಬಿಗಿಯಾಗಿರಲೋ?

ಇಲ್ಲೊಂದು ಇಕ್ಕಟ್ಟಿದೆ. ರಂಧ್ರ ದೊಡ್ಡದಿದ್ದರೆ ಎಣ್ಣೆ ಸಲೀಸಾಗಿ ಹರಿಯುತ್ತದೆ, ಶಾಕ್ ಮೆತ್ತಗಿರುತ್ತದೆ. ಪ್ರಯಾಣ ಹಿತ, ಆದರೆ ವೇಗದಲ್ಲಿ ತಿರುವು ತೆಗೆದುಕೊಂಡಾಗ ಕಾರು ವಾಲುತ್ತದೆ, ತೇಲಿದ ಹಾಗಾಗುತ್ತದೆ. ರಂಧ್ರ ಸಣ್ಣದಿದ್ದರೆ ಶಾಕ್ ಬಿಗಿ. ತಿರುವಿನಲ್ಲಿ ಕಾರು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಸಣ್ಣ ಕಲ್ಲು ಸಿಕ್ಕರೂ ಕೂತವರ ಸೊಂಟಕ್ಕೆ ಏಟು. ಸಾಮಾನ್ಯ ಶಾಕ್‌ನಲ್ಲಿ ತಯಾರಕರು ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡಿರುತ್ತಾರೆ. ಓಡುವಾಗಲೇ ಅದನ್ನು ಬದಲಿಸಲು ಬಂದರೆ? ಇದೇ ಎಲೆಕ್ಟ್ರಾನಿಕ್ ಶಾಕ್‌ನ ಹಿಂದಿನ ಪ್ರಶ್ನೆ.

ಒಂದು ಕಾರು, ಮೂರು ಉಪಾಯ

ಮೊದಲ ಉಪಾಯ: ರಂಧ್ರವನ್ನು ತಿರುಗಿಸುವುದು. 1989ರಿಂದ 1995ರವರೆಗಿನ ಕಾರ್ವೆಟ್‌ಗಳಲ್ಲಿ ಎಫ್‌ಎಕ್ಸ್3 ಎಂಬ ಸಂಕೇತದ ವ್ಯವಸ್ಥೆಯನ್ನು ಹೆಚ್ಚು ಹಣ ಕೊಟ್ಟು ಪಡೆಯಬಹುದಿತ್ತು. ಶಾಕ್‌ಗಳು ಬಿಲ್‌ಸ್ಟೈನ್ ಕಂಪನಿಯವು. ಪ್ರತಿ ಶಾಕ್‌ನ ತಲೆಯ ಮೇಲೆ ಒಂದು ಪುಟ್ಟ ಮೋಟರ್ ಪೆಟ್ಟಿಗೆ. ಅದು ಶಾಕ್‌ನ ಒಳಗಿರುವ ತೆಳು ಕಡ್ಡಿಯನ್ನು ತಿರುಗಿಸುತ್ತದೆ. ಕಡ್ಡಿ ತಿರುಗಿದಂತೆ ಎಣ್ಣೆ ಹರಿಯುವ ದಾರಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಮನೆಯ ನಲ್ಲಿಯನ್ನು ತಿರುಗಿಸಿದ ಹಾಗೆ ಅಂದುಕೊಳ್ಳಿ. ಚಾಲಕ ಮೂರು ಸ್ಥಾನಗಳಲ್ಲಿ ಒಂದನ್ನು ಆರಿಸುತ್ತಾನೆ, ಅದರೊಳಗೆ ಕಾರಿನ ವೇಗಕ್ಕೆ ತಕ್ಕಂತೆ ಕಂಪ್ಯೂಟರ್ ಹಂತಹಂತವಾಗಿ ಬಿಗಿ ಮಾಡುತ್ತಾ ಹೋಗುತ್ತದೆ.

ಎರಡನೆಯ ಉಪಾಯ: ವಿದ್ಯುತ್ಕಾಂತದ ಕವಾಟ. 1996ರಲ್ಲಿ ಎಫ್45 ಬಂತು. 1997ರಲ್ಲಿ ಬಂದ ಹೊಸ ಮಾದರಿಯಲ್ಲೂ, ಅಂದ್ರೆ ಸಿ5 ಎಂದು ಕರೆಯುವ ಕಾರಿನಲ್ಲೂ, 2002ರವರೆಗೆ ಅದೇ ಮುಂದುವರಿಯಿತು. ಇಲ್ಲಿ ಮೋಟರ್ ಇಲ್ಲ. ಶಾಕ್‌ನೊಳಗೇ ಒಂದು ಸೊಲೆನಾಯ್ಡ್ ಇದೆ, ಅಂದರೆ ಸುರುಳಿ ಸುತ್ತಿದ ವಿದ್ಯುತ್ಕಾಂತ. ವಿದ್ಯುತ್ ಹರಿದಾಗ ಅದು ಕವಾಟವನ್ನು ಎಳೆಯುತ್ತದೆ. ಪ್ರತಿ ಚಕ್ರದ ಹತ್ತಿರ ಒಂದು ಸಂವೇದಕ ಇದ್ದು, ಚಕ್ರ ಎಷ್ಟು ಮೇಲೆ ಬಂತು ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಆ ಚಕ್ರದ ಶಾಕ್ ಮಾತ್ರ ಬದಲಾಗುತ್ತದೆ. ಎಡ ಚಕ್ರ ಗುಂಡಿಗೆ ಬಿದ್ದರೆ ಬಲ ಚಕ್ರದ ಶಾಕ್ ತನ್ನ ಪಾಡಿಗೆ ತಾನಿರುತ್ತದೆ.

ಮೂರನೆಯ ಉಪಾಯ: ಎಣ್ಣೆಯನ್ನೇ ಬದಲಿಸುವುದು. ನನಗೆ ಬಹಳ ಇಷ್ಟವಾದದ್ದು ಇದು. 2003ರ ಮಾದರಿಯಲ್ಲಿ, ಕಾರ್ವೆಟ್‌ಗೆ ಐವತ್ತು ತುಂಬಿದ ವರ್ಷದಲ್ಲಿ, ಎಫ್55 ಬಂತು. ಇಲ್ಲಿ ರಂಧ್ರ ಚಿಕ್ಕದಾಗುವುದಿಲ್ಲ, ಕವಾಟವೂ ಅಲುಗುವುದಿಲ್ಲ. ಎಣ್ಣೆಯಲ್ಲಿ ಕಬ್ಬಿಣದ ಅತಿ ಸಣ್ಣ ಕಣಗಳನ್ನು ಬೆರೆಸಿರುತ್ತಾರೆ. ಒಂದೊಂದು ಕಣ ಕೆಲವೇ ಮೈಕ್ರೋಮೀಟರ್, ಅಂದರೆ ನಮ್ಮ ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ. ಪಿಸ್ಟನ್‌ನೊಳಗಿನ ಸುರುಳಿಗೆ ವಿದ್ಯುತ್ ಕೊಟ್ಟಾಗ ಕಾಂತಕ್ಷೇತ್ರ ಹುಟ್ಟುತ್ತದೆ. ಚೆಲ್ಲಾಪಿಲ್ಲಿಯಾಗಿದ್ದ ಕಣಗಳು ಸರಪಳಿ ಕಟ್ಟಿಕೊಂಡು ನಿಲ್ಲುತ್ತವೆ. ಎಣ್ಣೆ ಹರಿಯಬೇಕಾದರೆ ಆ ಸರಪಳಿಗಳನ್ನು ಮುರಿದುಕೊಂಡು ಹೋಗಬೇಕು. ತೆಳ್ಳಗಿದ್ದ ಎಣ್ಣೆ ಕ್ಷಣದಲ್ಲಿ ಗಟ್ಟಿ ಹಿಟ್ಟಿನಂತಾಗುತ್ತದೆ, ವಿದ್ಯುತ್ ನಿಂತರೆ ಮತ್ತೆ ತೆಳ್ಳಗಾಗುತ್ತದೆ. ಇದೆಲ್ಲ ಮಿಲಿಸೆಕೆಂಡುಗಳ ಮಾತು.

ಇಂಥ ದ್ರವದ ಮೇಲೆ ಮೊದಲು ಕೆಲಸ ಮಾಡಿದವರಲ್ಲಿ ಮುಖ್ಯರು ಜೇಕಬ್ ರಾಬಿನೋ. ಉಕ್ರೇನಿನ ಖಾರ್ಕಿವ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದಾಗ, 1940ರ ದಶಕದ ಕೊನೆಯಲ್ಲಿ, ಕಬ್ಬಿಣದ ಪುಡಿ ಬೆರೆಸಿದ ಎಣ್ಣೆಯಿಂದ ಕ್ಲಚ್ ಮಾಡಿ ತೋರಿಸಿದರು. ಆ ವಿಚಾರ ಕಾರಿನ ಚಕ್ರದವರೆಗೆ ಬರಲು ಅರ್ಧ ಶತಮಾನವೇ ಹಿಡಿಯಿತು. ಡೆಲ್ಫಿ ಎಂಬ ಕಂಪನಿ ಇದನ್ನು ಶಾಕ್‌ಗೆ ಅಳವಡಿಸಿ 2002ರ ಮಾದರಿಯ ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಮೊದಲು ತಂದಿತು, ಮರುವರ್ಷ ಕಾರ್ವೆಟ್‌ಗೆ ಬಂತು.

ಯಾವುದು ಇದೆ ಎಂದು ಗುರುತಿಸುವುದು

ಈಗ ಯಾರೋ ಇಂಥ ಹಳೆಯ ಕಾರನ್ನು ಕೊಂಡಿದ್ದಾರೆ ಎನ್ನಿ. ಶಾಕ್ ಬದಲಿಸಬೇಕು. ಮೂರರಲ್ಲಿ ಯಾವುದು, ಅಥವಾ ಸಾಮಾನ್ಯ ಶಾಕೋ? ತಿಳಿಯದೆ ತರಿಸಿದರೆ ದುಡ್ಡು ದಂಡ. ಒಂದು ಬಗೆಯದನ್ನು ಇನ್ನೊಂದರ ಕಂಪ್ಯೂಟರ್ ನಡೆಸಲಾರದು. ಇಲ್ಲಿ ಮೂರು ಸಾಕ್ಷಿಗಳಿವೆ.

ಒಂದು, ಕಾರಿನೊಳಗೆ ಅಂಟಿಸಿರುವ ಚೀಟಿ. ಕಾರ್ಖಾನೆಯಲ್ಲಿ ಏನೇನು ಜೋಡಿಸಿದರು ಎಂಬುದರ ಮೂರಕ್ಷರದ ಸಂಕೇತಗಳು ಅದರಲ್ಲಿ ಸಾಲಾಗಿ ಇರುತ್ತವೆ. ಎಫ್‌ಎಕ್ಸ್3, ಎಫ್45, ಎಫ್55 ಇವುಗಳಲ್ಲಿ ಯಾವುದಿದೆ ನೋಡಬೇಕು.

ಎರಡು, ಸೀಟುಗಳ ನಡುವಿನ ತಿರುಗಿಸುವ ಗುಂಡಿ. ಎಫ್‌ಎಕ್ಸ್3 ಮತ್ತು ಎಫ್45ಕ್ಕೆ ಮೂರು ಸ್ಥಾನ: ಟೂರ್, ಸ್ಪೋರ್ಟ್, ಪರ್ಫಾರ್ಮೆನ್ಸ್. ಎಫ್55ಕ್ಕೆ ಎರಡೇ: ಟೂರ್, ಸ್ಪೋರ್ಟ್. ಗುಂಡಿಯೇ ಇಲ್ಲದಿದ್ದರೆ ಸಾಮಾನ್ಯ ಶಾಕ್ ಇರುವ ಸಾಧ್ಯತೆ ಹೆಚ್ಚು.

ಮೂರು, ಶಾಕ್‌ನ ತಲೆ. ಮೋಟರ್ ಪೆಟ್ಟಿಗೆ ಕೂತಿದ್ದರೆ ಎಫ್‌ಎಕ್ಸ್3. ಪೆಟ್ಟಿಗೆ ಇಲ್ಲದೆ ದಂಡದ ತುದಿಗೆ ತಂತಿಯ ಕನೆಕ್ಟರ್ ಬಂದಿದ್ದರೆ ಎಫ್45 ಅಥವಾ ಎಫ್55. ತಂತಿಯೇ ಇಲ್ಲದಿದ್ದರೆ ಸಾಮಾನ್ಯ ಶಾಕ್. ಕೊಳವೆಯ ಮೇಲೆ ಭಾಗದ ಸಂಖ್ಯೆಯೂ ಇರುತ್ತದೆ.

ಚೀಟಿ ಒಂದೇ ಸಾಲದೇ, ಮೂರು ಏಕೆ? ಚೀಟಿ ಹೇಳುವುದು ಕಾರು ಕಾರ್ಖಾನೆಯಿಂದ ಹೊರಟ ದಿನದ ಸಂಗತಿ. ಇಪ್ಪತ್ತು ಮೂವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ, ಹಿಂದಿನವರು ಏನು ಹಾಕಿದ್ದಾರೋ! ಹಾಗಾಗಿ ಚೀಟಿ ಓದಿದ ಮೇಲೂ ಕೆಳಗೆ ಬಗ್ಗಿ ಕಣ್ಣಿಂದ ನೋಡಲೇಬೇಕು.

ಕಂಪ್ಯೂಟರಿಗೆ ಏನು ಕಾಣುತ್ತದೆ?

ಕೆಟ್ಟಾಗ ಚಾಲಕನ ಮುಂದಿನ ಫಲಕದಲ್ಲಿ "ಸರ್ವಿಸ್ ರೈಡ್ ಕಂಟ್ರೋಲ್" ಎಂಬ ಸೂಚನೆ ಬೆಳಗುತ್ತದೆ. ಸಿ5 ಕಾರುಗಳಲ್ಲಿ ಕೆಲವು ದೋಷಗಳಿಗೆ ಕಂಪ್ಯೂಟರ್ ಇನ್ನೂ ಮುಂದೆ ಹೋಗಿ ವೇಗವನ್ನೇ ಗಂಟೆಗೆ 80 ಮೈಲಿಗೆ, ಅಂದರೆ ಸುಮಾರು 129 ಕಿ.ಮೀ.ಗೆ ಕಟ್ಟಿಹಾಕುತ್ತದೆ. ಕಾರಣ ಯೋಚಿಸಿ ನೋಡಿ. ಎಫ್55ರಲ್ಲಿ ವಿದ್ಯುತ್ ನಿಂತರೆ ಎಣ್ಣೆ ತೆಳ್ಳಗೇ ಉಳಿಯುತ್ತದೆ, ಶಾಕ್ ತೀರಾ ಮೆತ್ತಗಾಗಿರುತ್ತದೆ. ಆ ಸ್ಥಿತಿಯಲ್ಲಿ ಅತಿ ವೇಗ ಅಪಾಯ.

ಈಗ ಮುಖ್ಯ ವಿಚಾರಕ್ಕೆ ಬರೋಣ. ಕಂಪ್ಯೂಟರ್ ಪರೀಕ್ಷಿಸುವುದು ವಿದ್ಯುತ್ ಮಂಡಲವನ್ನು. ತಂತಿಯಲ್ಲಿ ವಿದ್ಯುತ್ ಹರಿಯುತ್ತಿದೆಯೇ, ಸುರುಳಿಯ ರೋಧ ಸರಿಯಿದೆಯೇ, ಸಂವೇದಕಗಳ ಸಂಕೇತ ಬರುತ್ತಿದೆಯೇ, ಇಷ್ಟೇ. ಸೋರಿ ಹೋದ ಎಣ್ಣೆಯನ್ನು ನೋಡುವ ಕಣ್ಣು ಅದಕ್ಕಿಲ್ಲ. ಹಾಗಾಗಿ ಎರಡು ವಿಚಿತ್ರ ಸಂದರ್ಭಗಳು ಬರಬಹುದು.

ಸೀಲು ಹರಿದು ಎಣ್ಣೆಯೆಲ್ಲ ಸೋರಿದೆ, ಆದರೆ ಸುರುಳಿ ಚೆನ್ನಾಗಿದೆ. ದೀಪ ಬೆಳಗುವುದಿಲ್ಲ. ಕಂಪ್ಯೂಟರಿನ ಪಾಲಿಗೆ ಎಲ್ಲವೂ ಕ್ಷೇಮ. ಶಾಕ್ ಮಾತ್ರ ಸತ್ತಿದೆ.

ಇನ್ನೊಂದು ಕಡೆ ಎಣ್ಣೆ ತುಂಬಿದೆ, ಪಿಸ್ಟನ್ ಚೆನ್ನಾಗಿದೆ, ಕನೆಕ್ಟರಿಗೆ ತುಕ್ಕು ಹಿಡಿದಿದೆ. ದೀಪ ಬೆಳಗುತ್ತದೆ. ಶಾಕ್ ಬದಲಿಸುವ ಅಗತ್ಯವೇ ಇಲ್ಲ, ತುಕ್ಕು ತೆಗೆದರೆ ಸಾಕು. ಎಫ್‌ಎಕ್ಸ್3ರಲ್ಲಿ ಮೋಟರ್ ಪೆಟ್ಟಿಗೆಯ ಪ್ಲಾಸ್ಟಿಕ್ ಹಲ್ಲುಚಕ್ರ ಹಳತಾಗಿ ಮುರಿಯುವುದುಂಟು. ಆಗಲೂ ಶಾಕ್ ತಾನು ನಿಂತ ಸ್ಥಾನದಲ್ಲೇ ಕೆಲಸ ಮಾಡುತ್ತಿರುತ್ತದೆ.

ಆದ್ದರಿಂದ ಎರಡು ಪರೀಕ್ಷೆಗಳು ಬೇಕು. ಎಣ್ಣೆಗೆ ಕಣ್ಣಿನ ಪರೀಕ್ಷೆ: ಕೊಳವೆಯ ಮೈಯಲ್ಲಿ ಎಣ್ಣೆ ಇಳಿದ ಗುರುತು, ಟೈರು ಅಲ್ಲಲ್ಲಿ ಮಾತ್ರ ಸವೆದಿರುವುದು, ಗುಂಡಿ ದಾಟಿದ ಮೇಲೂ ನಿಲ್ಲದ ಕುಣಿತ. ವಿದ್ಯುತ್ತಿಗೆ ಮಲ್ಟಿಮೀಟರಿನ ಪರೀಕ್ಷೆ: ಎಫ್45, ಎಫ್55ರಲ್ಲಿ ಕನೆಕ್ಟರ್ ಬಿಚ್ಚಿ ಸುರುಳಿಯ ರೋಧ ಅಳೆಯುವುದು. ಅನಂತ ತೋರಿಸಿದರೆ ಒಳಗೆ ತಂತಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಸುರುಳಿಯ ತಂತಿಗಳು ಒಂದಕ್ಕೊಂದು ತಾಗಿರಬಹುದು. ಬಂದ ಅಳತೆ ಸರಿಯೋ ತಪ್ಪೋ ಎಂದು ಅನುಮಾನವಿದ್ದರೆ ಅದೇ ಕಾರಿನ ಎದುರು ಬದಿಯ ಶಾಕ್ ಅಳೆದು ಹೋಲಿಸುವುದು. ಪ್ರಯೋಗದಲ್ಲಿ ಹೋಲಿಕೆಗೆ ಒಂದು ಮಾದರಿ ಇಟ್ಟುಕೊಳ್ಳಬೇಕು ಎಂದು ಹೇಳಿಕೊಡುತ್ತೇವಲ್ಲ, ಅದೇ ಇದು.

ಬದಲಿಸುವಾಗ

ಕಾರ್ವೆಟ್‌ನಲ್ಲಿ ಒಂದು ಅನುಕೂಲವಿದೆ. ಇದರ ಸ್ಪ್ರಿಂಗ್ ಶಾಕ್‌ನ ಸುತ್ತ ಸುತ್ತಿಲ್ಲ. ಎಡ ಚಕ್ರದಿಂದ ಬಲ ಚಕ್ರದವರೆಗೆ ಅಡ್ಡವಾಗಿ ಮಲಗಿದ, ಗಾಜಿನ ನಾರಿನಿಂದ ಮಾಡಿದ ಪಟ್ಟಿ ಸ್ಪ್ರಿಂಗ್ ಅದು. ನಮ್ಮ ಲಾರಿಗಳ ಕೆಳಗಿನ ಉಕ್ಕಿನ ಪಟ್ಟಿಗಳ ದೂರದ ನೆಂಟ ಅನ್ನಿ. ಸುರುಳಿ ಸ್ಪ್ರಿಂಗ್ ಒತ್ತಿ ಹಿಡಿಯುವ ಅಪಾಯದ ಕೆಲಸ ಇಲ್ಲಿಲ್ಲ.

ಕೆಲಸದ ಕ್ರಮ ಹೀಗೆ. ಕಾರನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಬರೀ ಜಾಕನ್ನು ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು. ಚಕ್ರ ತೆಗೆದು, ಕೆಳಗಿನ ತೋಳಿಗೆ ಆಧಾರ ಕೊಡುತ್ತಾರೆ. ಶಾಕ್ ಬಿಚ್ಚಿದಾಗ ಸ್ಪ್ರಿಂಗ್ ಆ ತೋಳನ್ನು ಥಟ್ಟನೆ ಕೆಳಗೆ ತಳ್ಳದಿರಲಿ ಎಂದು. ಆಮೇಲೆ ಕನೆಕ್ಟರ್ ಬಿಡಿಸಿ, ಮೇಲಿನ ನಟ್ ತೆಗೆಯುತ್ತಾರೆ. ಆಗ ನಡುವಿನ ದಂಡ ಜೊತೆಗೆ ತಿರುಗದಂತೆ ಹಿಡಿಯಬೇಕು, ಏಕೆಂದರೆ ತಂತಿ ದಂಡದ ಒಳಗಿನಿಂದಲೇ ಹೋಗಿರುತ್ತದೆ, ತಿರುಚಿದರೆ ಕಡಿದೀತು. ಕೊನೆಗೆ ಕೆಳಗಿನ ಬೋಲ್ಟುಗಳು. ಹೊಸದನ್ನು ಹಾಕುವುದು ಇದೇ ಕ್ರಮದ ಹಿಂದುಮುಂದು. ಮುಂದಿನ ಎರಡೂ ಅಥವಾ ಹಿಂದಿನ ಎರಡೂ ಜೋಡಿಯಾಗಿಯೇ ಬದಲಾಗಬೇಕು. ಒಂದು ಹೊಸದು, ಒಂದು ಸವೆದದ್ದು ಆದರೆ ಎಡ ಬಲ ಬೇರೆ ಬೇರೆಯಾಗಿ ವರ್ತಿಸುತ್ತವೆ.

ಇಂಥ ಶಾಕ್‌ಗಳಲ್ಲಿ ಎಣ್ಣೆಯ ಜೊತೆಗೆ ಒತ್ತಡದ ಅನಿಲವೂ ಇರುತ್ತದೆ. ಹಳೆಯದನ್ನು ಕೊಯ್ಯುವುದು, ಕಾಯಿಸುವುದು ಅಪಾಯ. ಅದರ ಎಣ್ಣೆಯನ್ನು ಮಣ್ಣಿಗೆ ಚೆಲ್ಲುವಂತಿಲ್ಲ.

ಒಂದು ರೆಸಿಸ್ಟರ್ ಹೇಳುವ ಸುಳ್ಳು

ಎಲೆಕ್ಟ್ರಾನಿಕ್ ಶಾಕ್‌ಗಳು ದುಬಾರಿ, ಹಳೆಯ ಮಾದರಿಗಳಿಗೆ ಸಿಗುವುದೂ ಕಷ್ಟ. ಹಾಗಾಗಿ ಹಲವರು ಸಾಮಾನ್ಯ ಶಾಕ್‌ಗಳನ್ನು ಹಾಕಿಬಿಡುತ್ತಾರೆ. ಆಗ ಕನೆಕ್ಟರ್ ಖಾಲಿ ಉಳಿಯುತ್ತದೆ, ಮಂಡಲ ತೆರೆದಿರುತ್ತದೆ, ದೀಪ ಬೆಳಗುತ್ತದೆ, ಸಿ5ನಲ್ಲಿ ವೇಗಕ್ಕೂ ಕಡಿವಾಣ. ಇದಕ್ಕೊಂದು ಉಪಾಯವಿದೆ: ಕನೆಕ್ಟರಿಗೆ ಸುರುಳಿಯಷ್ಟೇ ರೋಧವಿರುವ ರೆಸಿಸ್ಟರ್ ಜೋಡಿಸುವುದು. ಓಮ್‌ನ ನಿಯಮ ನೆನಪಿಸಿಕೊಳ್ಳಿ. ಅದೇ ವೋಲ್ಟೇಜ್, ಅದೇ ರೋಧ, ಹಾಗಾದರೆ ಅದೇ ವಿದ್ಯುತ್ ಪ್ರವಾಹ. ಶಾಕ್ ಅಲ್ಲೇ ಇದೆ ಎಂದು ಕಂಪ್ಯೂಟರ್ ನಂಬುತ್ತದೆ. ದೀಪ ಆರುತ್ತದೆ.

ಆ ರೆಸಿಸ್ಟರ್ ಬಿಸಿಯೂ ಆಗುತ್ತದೆ. ಉದಾಹರಣೆಗೆ 2 ಓಮ್ ರೋಧದಲ್ಲಿ 2 ಆಂಪಿಯರ್ ಹರಿದರೆ 2 × 2 × 2 = 8 ವ್ಯಾಟ್. ಪ್ರಯೋಗಾಲಯದ ಪುಟ್ಟ ಕಾಲು ವ್ಯಾಟ್ ರೆಸಿಸ್ಟರ್ ಅಲ್ಲಿ ಹೊಗೆಯಾಡುತ್ತದೆ.

ಇದು ತಪ್ಪೋ ಸರಿಯೋ? ಉತ್ತರ ಅಷ್ಟು ಸುಲಭವಲ್ಲ. ಆ ಕಾರಿಗೆ ಒಪ್ಪುವ ಒಳ್ಳೆಯ ಸಾಮಾನ್ಯ ಶಾಕ್‌ಗಳನ್ನು ನಾಲ್ಕೂ ಕಡೆ ಹಾಕಿ, ಮಾಡಿದ್ದನ್ನು ಬರೆದಿಟ್ಟು, ಮುಂದೆ ಕೊಳ್ಳುವವರಿಗೂ ಹೇಳಿದರೆ ಕಾರು ಸುಸ್ಥಿತಿಯಲ್ಲೇ ಇದೆ. ಕಳೆದುಹೋದದ್ದು ಗುಂಡಿ ತಿರುಗಿಸಿ ಮೆತ್ತಗೆ ಬಿಗಿ ಮಾಡುವ ಸೌಕರ್ಯ ಮಾತ್ರ. ಆದರೆ ಸತ್ತ ಶಾಕ್‌ಗಳನ್ನೇ ಬಿಟ್ಟು, ದೀಪ ಆರಲಿ ಎಂದು ರೆಸಿಸ್ಟರ್ ಕಟ್ಟಿದರೆ? ಆಗ ವೇಗಕ್ಕಿದ್ದ ಕಡಿವಾಣವೂ ಹೋಯಿತು, ಎಚ್ಚರಿಕೆಯೂ ಹೋಯಿತು. ದೋಷ ಮಾತ್ರ ಹಾಗೇ ಉಳಿಯಿತು. ಎರಡೂ ಕಾರುಗಳ ಫಲಕ ನೋಡಿದರೆ ಒಂದೇ ಥರ ಕಾಣುತ್ತದೆ ಎಂಬುದನ್ನು ಗಮನಿಸಿ.

ಇದು ಅಮೆರಿಕದ ಕಾರಿನ ಕಥೆ ಮಾತ್ರವಲ್ಲ. ಮನೆಯಲ್ಲಿ ಫ್ಯೂಸ್ ಪದೇ ಪದೇ ಸುಟ್ಟಾಗ ದಪ್ಪ ತಂತಿ ಕಟ್ಟಿಬಿಡುವುದನ್ನು ನೋಡಿದ್ದೀರಿ. ಫ್ಯೂಸ್ ಸುಡುವುದು ನಿಂತಿತು, ಸರಿ. ಆದರೆ ಅದು ಸುಡುತ್ತಿದ್ದ ಕಾರಣ ಎಲ್ಲಿಗೆ ಹೋಯಿತು? ಗೋಡೆಯೊಳಗಿನ ವೈರಿನಲ್ಲೇ ಇದೆ. ಹೊಸೂರಿನಂಥ ಊರಲ್ಲಿ ಲಾರಿ, ಬೈಕು ಮಾಡುವ ದೊಡ್ಡ ಕಾರ್ಖಾನೆಗಳಿವೆ. ನಿಮ್ಮಲ್ಲಿ ಕೆಲವರು ಐಟಿಐ ಮುಗಿಸಿ ಅಲ್ಲಿಗೋ, ನಮ್ಮೂರ ಗ್ಯಾರೇಜಿಗೋ ಹೋಗುವಿರಿ. ಅಲ್ಲಿ ದಿನವೂ ದೀಪಗಳು ಬೆಳಗುತ್ತವೆ. ದೀಪ ಯಾವುದನ್ನು ಅಳೆದು ಬೆಳಗಿತು, ಯಾವುದನ್ನು ಅಳೆಯಲೇ ಇಲ್ಲ ಎಂದು ಕೇಳುವವರೇ ಒಳ್ಳೆಯ ಮೆಕ್ಯಾನಿಕ್ ಆಗುತ್ತಾರೆ.

ಮಾಡಿ ನೋಡಿ

1. ಸೂಜಿ ಇಲ್ಲದ ಹೊಸ ಸಿರಿಂಜಿಗೆ ನೀರು ತುಂಬಿ ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ ಒತ್ತಿ. ನಂತರ ಹರಳೆಣ್ಣೆ ತುಂಬಿ ಹಾಗೆಯೇ ಮಾಡಿ. ಯಾವಾಗ ಬೆರಳಿಗೆ ಅಡ್ಡಿ ಹೆಚ್ಚು? ವೇಗ ಮತ್ತು ಸ್ನಿಗ್ಧತೆ ಎರಡರ ಪಾತ್ರವೂ ತಿಳಿಯುತ್ತದೆ.

2. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ. ಅಂಟಿಕೊಂಡ ಕಪ್ಪು ಪುಡಿಯನ್ನು ಎರಡು ಚಮಚದಷ್ಟು ಕೂಡಿಸಿ, ಸ್ವಲ್ಪ ಅಡುಗೆ ಎಣ್ಣೆಯಲ್ಲಿ ಕಲಸಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಹಾಕಿ. ಕಡ್ಡಿಯಿಂದ ಕಲಕುತ್ತಾ ಮುಚ್ಚಳದ ಕೆಳಗೆ ಅಯಸ್ಕಾಂತ ಹಿಡಿಯಿರಿ, ಆಮೇಲೆ ತೆಗೆಯಿರಿ. ಕಡ್ಡಿಗೆ ಏನಾಗುತ್ತದೆ?

ಯೋಚಿಸಿ

1. ಎರಡನೆಯ ಪ್ರಯೋಗದ ಪುಡಿ ಸ್ವಲ್ಪ ಹೊತ್ತಿಗೆ ತಳಕ್ಕೆ ಇಳಿಯುತ್ತದೆ. ಶಾಕ್‌ನ ಎಣ್ಣೆಯಲ್ಲಿ ಹೀಗಾದರೆ ತೊಂದರೆ ಏನು? ಕಣಗಳು ತೀರಾ ಸಣ್ಣದಿದ್ದರೆ ಏನು ಅನುಕೂಲ?

2. ಎಣ್ಣೆ ಸೋರಿದ್ದನ್ನೂ ಕಂಪ್ಯೂಟರಿಗೆ ತಿಳಿಸಬೇಕು ಎಂದರೆ ನೀವು ಏನನ್ನು ಅಳೆಯುತ್ತೀರಿ? ಚಕ್ರದ ಹತ್ತಿರ ಈಗಾಗಲೇ ಇರುವ ಸಂವೇದಕವನ್ನೇ ಬಳಸಿಕೊಳ್ಳಬಹುದೇ? ನಿಮ್ಮ ಉತ್ತರವನ್ನು ಚಿತ್ರ ಸಹಿತ ಬರೆದು ವಿಜ್ಞಾನ ಶಿಕ್ಷಕರಿಗೆ ತೋರಿಸಿ.